ಪಂಜರಕ್ಕೆ ಕಟ್ಟಿದ ಶಬ್ದಮಾಪಕ

ಅಂದು ಬೆಳಿಗ್ಗೆ ಇಂಡೋನೇಷ್ಯಾದ ಜೆಪಾರಾ ಊರಿನ ಆರೋಗ್ಯ ಕೇಂದ್ರದಲ್ಲಿ ಮರಗೆಲಸಗಾರರು ಮೊದಲು ತಾವು ಧರಿಸಿದ್ದ ಶಬ್ದಮಾಪಕಗಳನ್ನು ಹಿಂತಿರುಗಿಸಿದರು, ಅನಂತರ ಕಿವಿಯ ಪರೀಕ್ಷೆಗಾಗಿ ಬೆಂಚಿನ ಮೇಲೆ ಸಾಲಾಗಿ ಕುಳಿತರು. ಕೆಲಸದ ಸದ್ದಿನಿಂದ ಕಿವಿಗಾಗುವ ಹಾನಿಯ ಅಧ್ಯಯನದ ಸಹಾಯಕಿ ವುಲಾನ್, ಗರಗಸ ನಡೆಸುವ ಸಾರ್ಮಿದಿಯವರ ಮಾಪಕವನ್ನು ಕಂಪ್ಯೂಟರಿಗೆ ಜೋಡಿಸಿ ಹುಬ್ಬೇರಿಸಿದಳು. ಗರಗಸ ಇನ್ನೂ ಶುರುವಾಗದ ನಸುಕಿನಲ್ಲಿಯೇ ಸದ್ದಿನ ಗೆರೆ ಮತ್ತೆ ಮತ್ತೆ ಮೇಲಕ್ಕೆ ಚಿಮ್ಮಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ, ಸಾರ್ಮಿದಿ ಮತ್ತು ಅವರ ಜೊತೆಗಾರ ವಾಗಿಯೋ ಮಾತಿಗಿಳಿದರು.

"ಅಣ್ಣಾ, ಮಾಪಕಾನ ಅಂಗಿಗೆ ಸಿಗಿಸ್ಕೊಳ್ಳಿ ಅಂದಿದ್ರು. ಹಕ್ಕಿ ಪಂಜರಕ್ಕೆ ಯಾಕೆ ಕಟ್ಟಿದ್ರಿ?"

"ಏನೋ ಅದು ಗೊಣಗಾಟ? ಜೋರಾಗಿ ಹೇಳು."

"ಪಂಜರಕ್ಕೆ! ಯಾಕೆ ಕಟ್ಟಿದ್ರಿ?"

"ಮೆಲ್ಲಗೆ ಕಣೋ! ಆ ಹುಡುಗಿಗೆ ಕೇಳಿಸೀತು."

"ಊರಿಗೇ ಕೇಳಿಸ್ತು ಬಿಡಿ."

"ಮೂಕ ಹಕ್ಕೀನ ನನ್ನ ತಲೆಗೆ ಕಟ್ಟಿದಾನಪ್ಪ ಆ ಮಾರೋನು. ಬರೀ ಕೊಕ್ಕು ಆಡಿಸುತ್ತೆ, ಸ್ವರಾನೇ ಇಲ್ಲ. ಅದಕ್ಕೊಂದು ಸಾಕ್ಷಿ ಬೇಕಿತ್ತು. ನಸುಕಲ್ಲಿ ಮನೇಲಿ ನಾನು, ಅದು, ಇಬ್ರೇ. ಸೊನ್ನೆ ಬಂದಿರುತ್ತೆ ನೋಡು, ಇವತ್ತೇ ವಾಪಸ್ ಕೊಟ್ಟು ಬರ್ತೀನಿ."

"ಭಾನುವಾರ ಹಕ್ಕಿಗಳ ಹಾಡಿನ ಸ್ಪರ್ಧೆ ಇದೆಯಲ್ಲಣ್ಣಾ?"

"ಆಕಳಿಕೆಗೆ ಬಹುಮಾನ ಕೊಡ್ತಾರೇನೋ?"

"ಹೋಗ್ಲಿ, ಗರಗಸದ ಹತ್ರ ಕಿವಿಗಿಟ್ಕೊಳ್ಳೋಕೆ ಬಿರಡೆ ಕೊಟ್ಟಿದ್ರಲ್ಲ, ಅದೇನಾಯ್ತು?"

"ಹಕ್ಕಿ ನೀರಿನ ಬಟ್ಟಲು ಸೋರ್ತಿತ್ತು. ಅದಕ್ಕೆ ಜಡಿದೆ. ಒಂದ್ ಹನಿ ಸೋರಲ್ಲ ಈಗ!"

ಪರೀಕ್ಷೆಯ ಕೋಣೆಯಿಂದ ಸಾರ್ಮಿದಿಯವರ ಹೆಸರು ಕೂಗಿದರು. ಮತ್ತೆ ಕೂಗಿದರು. ವಾಗಿಯೋ ನಗುತ್ತ ಅವರ ತೋಳು ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದ.

ವುಲಾನ್ ಷರಾ ಬರೆದಳು: ಹಕ್ಕಿ ಚೆನ್ನಾಗಿ ಹಾಡುತ್ತಿದೆ, ಕಿವಿ ಕೇಳುತ್ತಿಲ್ಲ.