ನಲವತ್ತು ನಿಮಿಷದ ಅರ್ಜಿ

ಮಾಡ್ತೇನ್ರಿ ಕಾಕಾ, ಸಹಿ ಮಾಡೂದಿಲ್ಲ ಅಂದೆನೇನು? ಪೆನ್ನು ಹಿಡಕೊಂಡ ಕುಂತೇನಿ, ನೋಡ್ರಿ... ಚಾ ಒಂದ ಮುಗಸ್ತೇನಿ. ಮುರಿಗೆವ್ವ ಕಾಕಿ ಹಸಿ ಅಲ್ಲ ಜಜ್ಜಿ ಹಾಕಿ ಇಷ್ಟು ಛಲೋ ಮಾಡ್ಯಾರ, ಆರಿಸಿ ಕುಡದ್ರ ಬೈತಾರ.

ಓದೂದಾ? ಬ್ಯಾಡ ಬಿಡ್ರಿ, ಓದೂದೇನೈತಿ ಅದರಾಗ! ಹ್ವಾದ ಗುರುವಾರ ನೀವ ಅಂದ್ರೆಲಾ, "ಇಸ್ತಿಯಾಕ, ನೀ ಹೇಳೂದನ್ನ ಒಮ್ಮೆ ಹಾಳಿ ಮ್ಯಾಲೆ ತರೂಣು" ಅಂತ. ತಂದೀರಿ. ಮುಗೀತು. ಮಡಚಿದ್ದು ಮಡಚಿದಂಗ ಇರ್ಲಿ. ಹೋಗೂ ಮುಂದ ಬಿಚ್ಚಿ, ಕೆಳಗ ಸಹಿ ಹಾಕಿ ಕೊಡ್ತೇನಿ.

ಆದ್ರ ಒಂದ ಮಾತು. ಸಿಟ್ಟಾಗಬ್ಯಾಡ್ರಿ ಮತ್ತ. ಮಿಲಿಟರಿಯವರ ಮ್ಯಾಲೆ ಈ ಅರ್ಜಿ ಕಳಸೂದು ಬೇಕ ಏನ್ರಿ? ಯಾರ ಓದತಾರ ಇದನ್ನ? ದುರ್ಗದಬೈಲಿನ್ಯಾಗ ಮೂವತ್ತು ವರ್ಷ ಕಾಳಿನ ಅಂಗಡಿ ನಡಸಿದವರು ನೀವು. ನಿಮಗ ಬುದ್ಧಿ ಹೇಳೂವಷ್ಟು ದೊಡ್ಡಾಂವ ಅಲ್ರಿ ನಾ, ಏರ್‌ಪೋರ್ಟಿನ್ಯಾಗ ಸಾಮಾನು ಇಳಸಾಂವ. ಆದ್ರೂ ಹೇಳ್ತೇನಿ... ಮಿಲಿಟರಿಯವರ ವಿಮಾನಾನೂ ಅಲ್ಲೇ ಇಳೀಬೇಕು, ನಮ್ಮ ಮಂದಿ ವಿಮಾನಾನೂ ಅಲ್ಲೇ. ಇರೂದೊಂದ ರನ್‌ವೇ. ಅವರು ಬಂದಾಗ ನಾವು ಸರೀಬೇಕು. ಯಾಕ ಬಂದ್ರು, ಎಷ್ಟೊತ್ತು ಇದ್ರು, ಏನ ಇಳಿಸಿದ್ರು, ಕೇಳಂಗಿಲ್ಲ. ಕೇಳಿದ್ರೂ ಹೇಳಂಗಿಲ್ಲ. ನಾಳೆ ಯಾರರ ಈ ಅರ್ಜಿ ಹಿಡಕೊಂಡು ತಪಾಸ ಮಾಡಿದ್ರ...

ಯಾಕ ನಕ್ಕ್ರಿ?

ಹೆದರಿಕಿ ಅಲ್ರಿ! ನನಗ್ಯಾತರ ಹೆದರಿಕಿ? ಖರೇನ ಹೇಳೀನಲ್ಲಾ... ನೋಡ್ರಿ, ಪೇರಲ ಹಣ್ಣು ತಂದೇನಿ. ಧಾರವಾಡದ್ದು, ಒಳಗ ಕೆಂಪು. ಆರತಿಗೆ ಮೆತ್ತಗಿದ್ದದ್ದು ಆರಿಸಿ ತಂದೇನಿ. ಮಲಗ್ಯಾಳೇನು? ಮಲಗ್ಲಿ, ಮಲಗ್ಲಿ. ಬರೂ ಸೋಮವಾರಕ್ಕ ವರ್ಷ ತುಂಬತೈತೆಲಾ ಕೂಸಿಗೆ... ಹ್ಞೂಂ. ಅವರವ್ವ ಹೋಗಿ ವರ್ಷಾನೂ ಅವತ್ತ.

ತಡೀರಿ... ಕೇಳಿದ್ರೇನು ವಿಮಾನದ ಸಪ್ಪಳಾ? ಇಲ್ಲಿ ಬೆಂಗೇರಿಗೂ ಕೇಳತೈತಿ, ನೋಡ್ರಿ. ಇದು ನಮ್ಮದು, ಮಂದಿದು. ಮಿಲಿಟರಿದು ಬ್ಯಾರೆ. ಅದು ಕಿವ್ಯಾಗ ಹೋಗೂದಿಲ್ಲ, ಎದ್ಯಾಗ ಇಳೀತೈತಿ. ನಿಮಗ ಹೇಳಿಲ್ಲ ನಾ, ನನ್ನ ಹೇಣ್ತಿ ಯಾಸ್ಮಿನ್‌ಗಷ್ಟ ಹೇಳೀನಿ. ಆ ಸಪ್ಪಳದೊಳಗ ನನಗ ಯಾರೋ ಒದರಿದಂಗ ಆಕ್ಕೈತ್ರಿ. "ಏ ತಮ್ಮಾ" ಅಂತ. ಒಂದ ಸಲ ಅಲ್ಲ, ಪ್ರತಿ ಸಲ! ತಿರುಗಿ ನೋಡ್ತೇನಿ, ಯಾರೂ ಇರೂದಿಲ್ಲ. ಯಾಸ್ಮಿನ್ ಅಂತಾಳ, "ದಿನಾ ವಿಮಾನದ ಬುಡಕ ನಿಂತು ನಿಂತು ನಿನ್ನ ಕಿವಿ ಕೆಟ್ಟಾವ, ಡಾಕ್ಟರಿಗೆ ತೋರಸು." ತೋರಿಸಿದೆ. ಕಿವಿ ಛಲೋ ಅದಾವಂತ.

ಇನ್ನೊಂದ ಹೇಳ್ಲೇನು? ನಗಬಾರದು ಮತ್ತ. ನಮ್ಮಲ್ಲೆ ಮೂರನೇ ನಂಬರ್ ಟ್ರಾಲಿ ಐತಿ. ಅದನ್ನ ನಾ ಮುಟ್ಟೂದಿಲ್ಲ. ಜೋಡಿಗಿದ್ದ ಹುಡುಗ್ರು ಚಾಷ್ಟಿ ಮಾಡ್ತಾರ, "ಇಸ್ತಿಯಾಕ ಭಾಯ್‌ಗ ಅದರ ಮ್ಯಾಲೆ ದೆವ್ವ ಕುಂತೈತಿ" ಅಂತ. ದೆವ್ವಾ ಅಲ್ರಿ. ಡಬ್ಬಿ! ಟ್ರಾಲಿ ಖಾಲಿ ಇರತೈತಿ, ಖಾಲಿ ಕಾಣವಲ್ದು ನನಗ... ಹೋಗ್ಲಿ ಬಿಡ್ರಿ. ಹುಚ್ಚರಂಗ ಏನೇನೋ ಮಾತಾಡ್ತೇನಿ.

ಏನು? ಇನ್ನೊಮ್ಮೆ ಹೇಳೂದಾ? ಎಷ್ಟ ಸಲಾ ಹೇಳೀನ್ರಿ ಕಾಕಾ... ಆತು, ಹೇಳ್ತೇನಿ. ನಿಮಗ ಸಮಾಧಾನ ಆಗೂದಿದ್ರ ನೂರು ಸಲಾ ಹೇಳ್ತೇನಿ. ನಿಮ್ಮ ಮಗಳು ಶಿವಬಸವ್ವಗ ಹೆರಿಗಿ ಆತು, ರಕ್ತ ನಿಲ್ಲವಲ್ದು. ಅಕಿ ರಕ್ತದ ಗುಂಪು ಲಕ್ಷದಾಗ ಒಬ್ಬರದು. ಹುಬ್ಬಳ್ಳ್ಯಾಗ ಎಲ್ಲೂ ಸಿಗಲಿಲ್ಲ. ಬೆಂಗಳೂರಾಗ ಯಾರೋ ಪುಣ್ಯಾತ್ಮ ಕೊಟ್ಟ, ಡಬ್ಬ್ಯಾಗಿಟ್ಟು ವಿಮಾನಕ್ಕ ಹಾಕಿದ್ರು. ವಿಮಾನ ಹನ್ನೊಂದು ಹತ್ತಕ್ಕ ಬಂತು, ಟೈಮ್ ಅಂದ್ರ ಟೈಮಿಗೆ. ಮಂದಿ ಇಳದು ಹ್ವಾದ್ರು. ದವಾಖಾನಿ ಡ್ರೈವರ್ ಅರಫಾತ ಗೇಟಿನ ಹೊರಗ ಗಾಡಿ ಚಾಲೂ ಇಟ್ಕೊಂಡ ನಿಂತಿದ್ದ. ಅಷ್ಟರಾಗ ಮಿಲಿಟರಿ ವಿಮಾನ ಬಂತು! ಒಬ್ಬರೂ ಹೊರಗ ಹೋಗಬಾರದು ಅಂತ ಆರ್ಡರ್. ನಾವೆಲ್ಲಾ ಒಳಗ, ಡಬ್ಬಿ ವಿಮಾನದ ಹೊಟ್ಟ್ಯಾಗ. ಅದು ಎದ್ದು ಹೋಗೂತನಕಾ ನಲವತ್ತು ನಿಮಿಷ... ಅರ್ಧಾ ತಾಸು ಮೊದಲ ಬಂದಿದ್ರ ಏನರ ಮಾಡಬಹುದಿತ್ತು ಅಂದ್ರಂತಲ್ಲಾ ಡಾಕ್ಟರಮ್ಮ... ಅದೊಂದ ಮಾತು ನನಗ ಉಣ್ಣಾಕ ಬಿಡವಲ್ದು, ಕಾಕಾ. ನಾ ಅಂದ್ಕೊಂಡೆ, ಐದ ನಿಮಿಷ, ಬಾಳಂದ್ರ ಹತ್ತು ನಿಮಿಷ, ಬಿಡ್ತಾರ ನಮ್ಮನ್ನ ಅಂತ. ಬಿಸಲರ ಎಷ್ಟಿತ್ತು ಅವತ್ತು! ಡಬ್ಬಿ ನೆರಳಾಗ ಇಟ್ಟೇನಲ್ಲಾ ಅಂತ ಒಂದ ಧೈರ್ಯಾ ಇತ್ತು, ಆ ನೆರಳೂ ಸರಕೋತ ಸರಕೋತ...

ಏನ್ರಿ? ಯಾಕ ಹಂಗ ನೋಡಾಕತ್ತೀರಿ?

ಏನಂದೆ ನಾ?

ಇಲ್ರಿ, ಅದೂ... ವಿಮಾನದ ಹೊಟ್ಟ್ಯಾಗಂದ್ರ ನೆರಳ ಅಲ್ಲೇನು? ಹಂಗಂದೆ. ಇಟ್ಟೇನಿ ಅಂದ್ರ ನಾ ಇಟ್ಟೇನಿ ಅಂತಲ್ಲ, ಇಟ್ಟಿದ್ರು... ಬೆಂಗಳೂರಾಗ ಇಟ್ಟಿದ್ರು... ಚಾ ಕುಡೀರಿ ಕಾಕಾ, ನಿಮ್ಮದು ಆರಾಕತ್ತೈತಿ. ಏನರ ಮಾತಾಡ್ರಿ. ಬೈರಿ ಬೇಕಾದ್ರ. ಆಣಿ ಮಾಡ್ಲೇನು? ಮಾಡ್ತೇನಿ. ಖುದಾ ಕಸಮ್, ಆ ಡಬ್ಬಿ...

ಆ ಡಬ್ಬಿ...

ಬಾಯಿ ಬರವಲ್ದ್ರಿ.

ಬಿಳಿ ಡಬ್ಬಿ, ಕಾಕಾ. ಸುತ್ತ ಖಾಕಿ ಟೇಪ್ ಹಚ್ಚಿದ್ರು. ಮ್ಯಾಲೆ ಕೆಂಪು ಅಕ್ಷರದಾಗ ಅರ್ಜೆಂಟ್ ಅಂತ ಬರದಿದ್ರು. ಎಲ್ಲಾ ಸಾಮಾನಿಗಿಂತ ಮೊದಲ ಇಳಿಸಿದೆ. ನಾನ! ಈ ಕೈಲೆ! ಮೂರನೇ ನಂಬರ್ ಟ್ರಾಲಿ ಮ್ಯಾಲಿಟ್ಟೆ. ಎಳಕೊಂಡು ಗೇಟಿಗೆ ಹೋಗಬೇಕು, ಐದ ನಿಮಿಷದ ದಾರಿ. ಹೊಂಟಿದ್ದೆ. ಅಷ್ಟರಾಗ ಅದು ಇಳೀತು, ಮಿಲಿಟರಿದು. ಅಷ್ಟು ದೊಡ್ಡದನ್ನ ನಾ ಅಲ್ಲಿತನಕಾ ನೋಡಿರಲಿಲ್ಲ... ಫೋನ್ ತಗದೆ. ಒಂದ ಫೋಟೋ. ನನ್ನ ಸ್ಟೇಟಸ್ಸಿಗೆ ಹಾಕ್ಕೊಳ್ಳಾಕ, ಮತ್ಯಾಕೂ ಅಲ್ಲ.

ಹಿಂದಿಂದ ಬಂದು ಕೈ ಹಿಡದ್ರು. ಅವರ ತಪ್ಪಲ್ರಿ. ಫೋಟೋ ತಗೀಬಾರದು ಅಂತ ಬೋರ್ಡ್ ಐತಿ, ನಾ ದಿನಾ ಓದ್ತೇನಿ. ಖೋಲ್ಯಾಗ ಬಾಕಿನ ಮ್ಯಾಲೆ ಕುಂಡ್ರಿಸಿ ಹೆಸರೇನು, ಊರೇನು, ಯಾರಿಗೆ ಕಳಸಾಂವ ಅದಿ, ಎಲ್ಲಾ ಕೇಳಿದ್ರು. ಆ ಖೋಲಿಗೆ ಕಿಟಕಿ ಇತ್ತು, ಕಾಕಾ. ಕಿಟಕ್ಯಾಗ ಡಬ್ಬಿ ಕಾಣತಿತ್ತು! ಕೊನೀಗೆ ಸಾಹೇಬ ಕೇಳಿದ, "ಬ್ಯಾರೆ ಏನರ ಹೇಳೂದೈತೇನು?" ಒಳ್ಳೇ ಮನಶ್ಯಾ, ಸೌಕಾಶ ಕೇಳಿದ. ನಾ ಅಂದೆ, "ಏನಿಲ್ಲ ಸಾಹೇಬ್ರ."

ಡಬ್ಬಿ ಸುದ್ದಿ ಎತ್ತಿದ್ರ, ಅದನ್ನ ಬಿಟ್ಟು ಫೋಟೋ ಹೊಡಕೋತ ನಿಂತಿದ್ದ ಅಂತ ಪಾಸ್ ಕಸಗೊಂಡು ಮನಿಗೆ ಕಳಸ್ತಾರ ಅಂತ ಹೆದರಿದೆ. ನನ್ನ ಮಗಳು ಬುಶ್ರಾನ ಸಾಲಿ, ಮನಿ ಬಾಡಿಗಿ, ಎಲ್ಲಾ ಕಣ್ಣ ಮುಂದ ಬಂದ್ವು. ನಿಮ್ಮ ಮಗಳು ಬರಲಿಲ್ರಿ. ಖರೇ ಹೇಳ್ತೇನಿ, ಬರಲಿಲ್ಲ. ಹೊರಗ ಬಿಟ್ಟ ಕೂಡ್ಲೆ ಡಬ್ಬಿ ತಗೊಂಡ ಓಡಿದೆ, ಅರಫಾತನ ಕೈಯಾಗ ಕೊಟ್ಟೆ. ಯಾಕ ಇಷ್ಟೊತ್ತು ಅಂದ. "ಮಿಲಿಟರಿ ವಿಮಾನ ಬಂದಿತ್ತು" ಅಂದ್ಬಿಟ್ಟೆ. ಸಲೀಸ ಬಂತು ಆ ಮಾತು! ಯಾರ ಹೋಗಿ ಕೇಳ್ತಾರ ಮಿಲಿಟರಿಯವರನ್ನ?

ಕಾಕಾ... ಎದ್ದು ಹೋಗು ಅನ್ರಿ ನನಗ. ಕಾಕಿಗೆ ಕರೀಲೇನು? ಬ್ಯಾಡಾ? ...ಈ ಹಾಳಿ ಹರದ ಒಗೀತೇನಿ, ತಡೀರಿ. ಸುಳ್ಳು ಅರ್ಜಿ ಇದು. ದೇಶಾ ಕಾಯೂ ಮಂದಿ ತಲಿ ಮ್ಯಾಲೆ ನನ್ನ ಪಾಪಾ ಹಾಕಿ ನೀವು...

ಇದೇನ್ರಿ?

ಅರ್ಜಿ ಎಲ್ಲೈತ್ರಿ? ಎರಡ ಸಾಲು ಅದಾವ. ನಿಮ್ಮ ಅಕ್ಷರಾ. "ಅವತ್ತು ನಾನು ಬೇಲಿಯ ಹೊರಗೆ ನಿಂತಿದ್ದೆ. ಬಿಳಿ ಡಬ್ಬಿ ಇಳಿದದ್ದನ್ನು ನೋಡಿ, ರಕ್ತ ಬಂತು ಎಂದು ಮಗಳಿಗೆ ಹೇಳಲು ದವಾಖಾನೆಗೆ ಓಡಿದೆ."

ಕೆಳಗೆಲ್ಲಾ ಖಾಲಿ...

ಹೇಳಿದ್ರೇನು ಅಕಿಗೆ? ಬಂತು ಅಂತ? ಕೇಳಿಸ್ಕೊಂಡ್ಳಾ?

ಹೌದಂತ ತಲಿ ಹಾಕಿದ್ರಿ... ಯಾ ಅಲ್ಲಾ!

ಮತ್ತ... ಮಣ್ಣಾದ ಮೂರನೇ ದಿನಾ ನಾ ಇದ ಕಟ್ಟಿ ಮ್ಯಾಲೆ ಕುಂತು ಸುಳ್ಳು ಹೇಳಾಕತ್ತಾಗ ನೀವ ಎದ್ದು ನೀರು ತಂದು ಕೊಟ್ರಿ! ನಿಮಗ ಗೊತ್ತಿತ್ತು! ಒಂದ ವರ್ಷಾ ಗುರುವಾರಕ್ಕೊಮ್ಮೆ ಚಾ ಕೊಟ್ರಿ, ಅಕಿ ಕೂಸಿನ್ನ ನನ್ನ ತೊಡಿ ಮ್ಯಾಲೆ ಹಾಕಿದ್ರಿ... ನಾ ಹೇಳ್ತೇನಿ ಅಂತ ಕಾಯತಿದ್ರೇನು? ಇಷ್ಟ ದಿನಾ?

ಒಂದ ಕೇಳ್ತೇನಿ. ಇದಕ್ಕರ ಬಾಯಿ ಬಿಡ್ರಿ ಕಾಕಾ, ನಿಮ್ಮ ಕಾಲ ಬೀಳ್ತೇನಿ. ಅವತ್ತು, ಓಡೂಕಿಂತ ಮೊದಲ... ಬೇಲಿ ಹಿಡಕೊಂಡು... ಒದರಿದ್ರೇನು ನೀವು? ನನ್ನ ಹೆಸರು ಗೊತ್ತಿರಲಿಲ್ಲ ನಿಮಗ. "ಏ ತಮ್ಮಾ, ಲಗೂ ಒಯ್ಯೋ"... ಅಂತ?

ಕೂಸು ಎದ್ದಂಗೈತ್ರಿ ಒಳಗ. ಅಳಾಕತ್ತೈತಿ.

ಇಲ್ರಿ, ನನ್ನ ಕೈಯಾಗ ಕೊಡಬ್ಯಾಡ್ರಿ ಇವತ್ತು. ನೀವ ಎತ್ಕೋರ್ರಿ. ನಿಮ್ಮ ಎರಡ ಸಾಲಿನ ಕೆಳಗ ನಾ ಬರಿಯೂದೈತಿ. ಹನ್ನೊಂದು ಹತ್ತರಿಂದ ಶುರು ಮಾಡ್ತೇನಿ.