ಫೈನಲ್ ದಿನವೇ ಬಂದ ಕರೆ

ಬೆಳಗಿನ ಬಸ್ಸಿನ ಸಾಲಿನಲ್ಲಿ ಮರೀಸ್‌ಳ ಮುಂದೆ ಇಬ್ಬರು ನಿಂತಿದ್ದರು: ಊರಿನ ಐಸ್ ಹಾಕಿ ತಂಡದ ಗೋಲ್‌ಕೀಪರ್ ಟೇವಿಶ್, ತಂಡದ ಸಾಮಾನು ನೋಡಿಕೊಳ್ಳುವ ಮುದುಕ ಲಾರ್ನ್. ಅವಳು ಪುಸ್ತಕದಿಂದ ತಲೆಯೆತ್ತಲಿಲ್ಲ; ಕಿವಿ ಅವರ ಮಾತಿನ ಮೇಲಿದ್ದುದರಿಂದ ಹಾಳೆಯನ್ನೂ ತಿರುವಲಿಲ್ಲ.

“ಸಂಜೆ ನಮ್ಮ ಫೈನಲ್ಲು. ಇವತ್ತೇ ನಿನ್ನ ಕರೀಬೇಕಿತ್ತಾ ಪಟ್ಟಣದ ದೊಡ್ಡ ತಂಡದೋರು?”

“ಅವರ ಎರಡನೇ ಕೀಪರ್‌ಗೆ ಜ್ವರ ಅಂತೆ, ಲಾರ್ನ್.”

“ಆಡಿಸ್ತಾರಾ ನಿನ್ನ?”

“ಇಲ್ಲ. ಬೆಂಚಲ್ಲಿ ಕೂತು, ಆಡೋರು ಐಸಿಗೆ ಇಳಿಯೋವಾಗ ಬೇಲಿ ಬಾಗಿಲು ತೆಗೀಬೇಕು.”

“ಅದಕ್ಕೆ ನಾನೇ ಹೋಗ್ತಿದ್ನಲ್ಲೋ! ಕಾಲು ಉಳುಕಿದೆ ಅಂದ್ಬಿಡು.”

“ಆರು ವರ್ಷಕ್ಕೆ ಮೊದಲ್ನೇ ಸಲ ಕರೆದಿದಾರೆ. ಬರಲ್ಲ ಅಂದ್ರೆ ಮತ್ತೆ ಕರೀತಾರಾ?”

“ನಮ್ಮ ತಂಡ ಅವರದ್ದೇ ಕೂಸಂತೆ. ಸಾಕೋರೂ ಅವರೇ, ತಟ್ಟೆಗೆ ಕೈ ಹಾಕೋರೂ ಅವರೇ.”

“ನನ್ನ ಜಾಗಕ್ಕೆ ಯಾರು?”

“ವಿಜ್ಞಾನದ ಮೇಷ್ಟ್ರು ಡ್ವೈಟ್. ಕಾಲೇಜಲ್ಲಿ ಆಡಿದ್ನಂತೆ. ಬೆಳಿಗ್ಗೆಯಿಂದ ಎರಡು ಸಲ ವಾಂತಿ ಮಾಡ್ಕೊಂಡಿದಾನೆ.”

ಟೇವಿಶ್ ನಗಲಿಲ್ಲ.

“ಇವತ್ತಿನ ಎದುರಾಳಿ ತಂಡದ ಹತ್ತೊಂಬತ್ತನೇ ನಂಬರಿನವನು ಯಾವಾಗ್ಲೂ ಎಡಗಡೆ ಕೆಳಗೇ ಹೊಡೀತಾನೆ. ಮೇಷ್ಟ್ರಿಗೆ ಹೇಳು.”

“ನೀನೇ ಫೋನ್ ಮಾಡು. ಧೈರ್ಯ ಬರುತ್ತೆ ಅವನಿಗೆ.”

ಬಸ್ಸು ಬಂತು. ಟೇವಿಶ್‌ನ ದೊಡ್ಡ ಚೀಲವನ್ನು ಲಾರ್ನ್ ತಾನೇ ಎತ್ತಿ ಒಳಗಿಟ್ಟ.

“ಸ್ಕೇಟು ಹರಿತ ಮಾಡಿಟ್ಟಿದೀನಿ.”

“ಯಾಕೆ? ಆಡಿಸಲ್ಲ ಅಂದೆನಲ್ಲ.”

“ಅಕಸ್ಮಾತ್ ಆಡಿಸಿದ್ರೆ? ಜಾರಿ ಬಿದ್ದು ನಮ್ಮೂರಿನ ಮರ್ಯಾದೆ ಕಳೀಬೇಡ.”

ಅಷ್ಟು ಹೇಳಿ, ಬಸ್ಸು ಹೊರಡುವುದನ್ನೂ ಕಾಯದೆ, ಲಾರ್ನ್ ಮೇಷ್ಟ್ರ ಮನೆಯ ಕಡೆ ನಡೆದ.