ಗಂಗರತ್ನಮ್ಮ ಕೂಗಿದ ಸುದ್ದಿ

ಅಧ್ಯಕ್ಷರಾದ ವೆಂಕಟೇಶಪ್ಪನವರೇ, ಮನೆ ಸರ್ವೆ ಕಚೇರಿಯಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಸನ್ಮಾನದ ಶಾಲು ಹೊದ್ದರೂ ಹೊರಗೆ ನಿಲ್ಲಿಸಿದ ಗಾಡಿಯ ಮೇಲೇ ಕಣ್ಣಿಟ್ಟಿರುವ ಗಂಗರತ್ನಮ್ಮನವರೇ, ಮೈಸೂರು ಮೈನ್ಸಿನ ಲೈನುಮನೆಗಳಿಂದ ಬಂದಿರುವ ಸಭಿಕರೇ,

ಗಂಗರತ್ನಮ್ಮ ಕ್ಯಾಸಂಬಳ್ಳಿಯಿಂದ ಬಂದು ನಮ್ಮಲ್ಲಿ ತರಕಾರಿ ಮಾರುವವರು. ಬೇರೆ ಗಾಡಿಯವರೆಲ್ಲ ದನಿ ರೆಕಾರ್ಡ್ ಮಾಡಿ ಸ್ಪೀಕರ್ ಕಟ್ಟಿಕೊಂಡರು. ಇವರು ಕಟ್ಟಲಿಲ್ಲ. ಯಾಕಮ್ಮ ಅಂದರೆ, "ಆ ಡಬ್ಬ ಬದ್ನೇಕಾಯಿ ಖಾಲಿಯಾದ್ರೂ ಬದ್ನೇಕಾಯಿ ಅಂತದೆ ಸಾ" ಅಂದರು. ಇವರ ಕೂಗಿನಲ್ಲಿ ತರಕಾರಿಯ ಜೊತೆ ನಲ್ಲಿ ನೀರು, ರೇಷನ್ನು, ಸಾವಿನ ಸುದ್ದಿ ಎಲ್ಲ ಬರುತ್ತೆ. ಕನ್ನಡದಲ್ಲಿ ಶುರುವಾಗಿ, ತೆಲುಗಿಗೆ ಹೊರಳಿ, ತಮಿಳಿನಲ್ಲಿ ಮುಗಿಯುತ್ತೆ. ಮಧ್ಯಾಹ್ನದ ನಿದ್ದೆ ಕೆಡುತ್ತೆ ಅಂತ ನಾನೇ ಗೊಣಗಿದ್ದುಂಟು.

ಹೋದ ವರ್ಷ ಏನಾಯಿತು? ಚಿನ್ನದ ಗಣಿ ಮುಚ್ಚಿದ ಮೇಲೂ ನಾವು ಬಿಡದೆ ಬಾಳುತ್ತಿರುವ ಈ ಲೈನುಮನೆಗಳಿಗೆ ಸರ್ವೆ ಬಂತು. ಬೀಗ ಕಂಡರೆ ಖಾಲಿ ಮನೆ ಅಂತ ಬರೆದುಕೊಳ್ಳುತ್ತಾರೆ, ಹಾಗೆ ಬರೆದರೆ ಮನೆ ಕೈತಪ್ಪಿದ ಹಾಗೇ. ಹಗಲು ಹೊತ್ತು ನಮ್ಮವರು ಎಲ್ಲಿರುತ್ತಾರೆ? ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕೂಲಿಗೆ ಹೋಗಿರುತ್ತಾರೆ. ಸೂಚನೆ ಎಲ್ಲಿತ್ತು? ವೆಬ್‌ಸೈಟಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು.

ನಮ್ಮ ಬೀದಿಯ ವಾಟ್ಸಾಪ್ ಗುಂಪಿನ ಅಡ್ಮಿನ್ ನಾನು. ಸೂಚನೆಯನ್ನು ಎಲ್ಲರಿಗಿಂತ ಮೊದಲು ಗುಂಪಿಗೆ ಹಾಕಿದವನೂ ನಾನೇ, ಇದನ್ನು ಸಭೆ ಗಮನಿಸಬೇಕು. ಆದರೆ ನಾನು ದಿನಾ ಕಳಿಸುವ ಶುಭೋದಯದ ಹೂವುಗಳ ನಡುವೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಹೆಂಡತಿ ವನಿತಾ ಗುಂಪನ್ನೇ ಮ್ಯೂಟ್ ಮಾಡಿದ್ದಳಂತೆ.

ನೋಡಿದವಳು ಒಬ್ಬಳೇ, ನಮ್ಮ ಬೀದಿಯ ಕವಿತ. ಸೊಪ್ಪು ಆರಿಸುತ್ತಾ ಗಂಗರತ್ನಮ್ಮನಿಗೆ ಓದಿ ಹೇಳಿದಳು. ಸಾಯಂಕಾಲ ರೈಲಿಳಿದು ಬಂದವರಿಗೆಲ್ಲ ಕೇಳುವಂತೆ ಈ ತಾಯಿ ಬೀದಿ ಬೀದಿ ಕೂಗಿದರು: "ನಾಳೆ ಮನೆ ಬರ್ಕೊಳ್ಳೋರು ಬತ್ತಾರೆ, ಬೀಗ ಆಕ್ಬ್ಯಾಡ್ರಪ್ಪಾ, ಕೂಲಿ ಓದ್ರೆ ಓಯ್ತು." ನಮ್ಮ ಮನೆಯಲ್ಲಿ ಟೀವಿ ಜೋರಾಗಿತ್ತು. ಬೆಳಿಗ್ಗೆ ಬೂದಿಕೋಟೆಯ ಮದುವೆಗೆ ಅಂತ ನಾವಿಬ್ಬರೂ ಬೀಗ ಜಡಿಯುತ್ತಿದ್ದರೆ, ಗಾಡಿ ಅಡ್ಡ ನಿಲ್ಲಿಸಿದರು. "ಏನ್ ಸಾ, ನೀವ್ ಕಳ್ಸಿದ್ದ ನೀವೇ ಓದ್ನಿಲ್ವಾ?" ಆ ಮದುವೆಗೆ ನಾವು ಹೋಗಲಿಲ್ಲ.

ಸರ್ವೆಯವರು ಬಂದಾಗ ಎಲ್ಲ ಬಾಗಿಲೂ ತೆರೆದಿದ್ದವು. ಇಂಥ ಹೆಣ್ಣುಮಗಳಿಗೆ ಒಂದು ಶಾಲು ಸಾಲದು ಅಂತ ನನಗೆ ನಿಜವಾಗಿ ಅನ್ನಿಸುತ್ತೆ.

ಎಲ್ಲ ಬಾಗಿಲೂ ಅಂದೆ, ತಪ್ಪು. ಕೊನೆಯ ಲೈನು ತಲುಪುವಷ್ಟರಲ್ಲಿ ಅವರ ಗಂಟಲು ಕಟ್ಟಿತ್ತು. ಅಲ್ಲಿಯವರು ಕೆಲಸಕ್ಕೆ ಹೋದರು, ಅವರ ಮನೆಗಳು ಖಾಲಿ ಅಂತ ದಾಖಲಾದವು. ಅವರು ಇವತ್ತು ಇಲ್ಲೇ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.

ಮುಖ್ಯ ಅತಿಥಿಗಳೇ, ಆ ಮನೆಗಳಿಗೆ ಮರುಸರ್ವೆ ಉಂಟು, ದಿನಾಂಕ ವೆಬ್‌ಸೈಟಿನಲ್ಲಿದೆ ಅಂತ ಈಗ ತಾನೇ ಟೀ ಕುಡಿಯುವಾಗ ತಾವು ಹೇಳಿದಿರಿ. ಆ ದಿನಾಂಕವನ್ನು ಈ ಮೈಕಿನಲ್ಲಿ, ಹಿಂದೆ ಕೂತವರಿಗೆ ಕೇಳುವ ಹಾಗೆ ಹೇಳಬೇಕು. ತಾವು ಎದ್ದು ಬರುವವರೆಗೆ ನಾನು ಕೂರುವುದಿಲ್ಲ. ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ಧನ್ಯವಾದ. ನಮಸ್ಕಾರ. ಬನ್ನಿ ಸಾರ್.